ಸುಣ್ಣದ ಗೂಡು ಆರಿದ ಹಾಗೆ ಕಂಡರೂ ಕಿಂಡಿ ಮುಂದೆ ಕೂರಬೇಡಿ

ಸಣ್ಣದೊಂದು ಗೂಡು ಕಟ್ಟಿ, ಹಿಂದಿನವರ ಹಾಗೆ ಕಲ್ಲು ಸುಟ್ಟು, ಗಾರೆಗೆ ನಮ್ಮದೇ ಸುಣ್ಣ ಮಾಡಿಕೊಳ್ಳೋಣ ಅಂತ ಯಾರಾದರೂ ಯೋಚಿಸುತ್ತಿದ್ದರೆ ಮೊದಲು ಇದನ್ನು ಓದಿ. ಬೇಡ ಅಂತ ಹೇಳಲು ಬರೆಯುತ್ತಿಲ್ಲ, ನಾನು ಈಗಲೂ ಸುಡುತ್ತೇನೆ. ಆದರೆ ಮೊದಲ ಸಲ ಸುಟ್ಟಾಗ ಸತ್ತೇ ಹೋಗುತ್ತಿದ್ದೆ. ಅದೂ ಬೆಂಕಿಯಿಂದಲ್ಲ.

ಹಳೇ ಗೋಡೆಯೊಂದರ ರಿಪೇರಿಗೆ ಸುಣ್ಣ ಬೇಕಿತ್ತು. ಸಿಮೆಂಟ್ ಹಾಕಿದರೆ ಆ ಗೋಡೆ ಹಾಳಾಗುತ್ತದೆ ಅಂತ ಗೊತ್ತಿತ್ತು. ನಾವು ಮೂವರು ಗೆಳೆಯರು. ಒಬ್ಬನಿಗೆ ಕಲ್ಲು ಕಟ್ಟಲು ಚೆನ್ನಾಗಿ ಬರುತ್ತಿತ್ತು, ಇನ್ನೊಬ್ಬ ನಕ್ಷೆ ನೋಡಿಕೊಂಡ, ನನ್ನದು ಹುಮ್ಮಸ್ಸು ಮಾತ್ರ. ಗೂಡಿನ ಒಳಗು ಮೇಲೆ ಒಂದು ಮೀಟರ್ ಅಗಲ, ಕೆಳಗೆ ಬರುತ್ತಾ ಕಿರಿದಾಗುವ ಆಕಾರ, ಆಳ ಎರಡೂವರೆ ಮೀಟರ್. ಒಳಗೆ ಬೆಂಕಿ ಇಟ್ಟಿಗೆ, ಹೊರಗೆ ದಪ್ಪ ಕಲ್ಲಿನ ಗೋಡೆ, ಎರಡರ ನಡುವೆ ಮಣ್ಣು ಮತ್ತು ಜಲ್ಲಿ. ಗೋಡೆ ಕೆಲಸ ನಿಜಕ್ಕೂ ಚೆನ್ನಾಗಿ ಬಂದಿತ್ತು. ಇವತ್ತಿಗೂ ಒಂದು ಬಿರುಕಿಲ್ಲ.

ತಪ್ಪಿದ್ದು ಇನ್ನೊಂದು ಕಡೆ. ಹಳೇ ಗೂಡುಗಳನ್ನು ಸಾಮಾನ್ಯವಾಗಿ ದಿಬ್ಬದ ಇಳಿಜಾರಿಗೆ ಒತ್ತಿ ಕಟ್ಟುತ್ತಿದ್ದರು. ದಿಬ್ಬದ ಮೇಲಿಂದ ಕಲ್ಲು, ಕಲ್ಲಿದ್ದಲು ಸುರಿಯಬಹುದು. ಕೆಳಗಿನ ಕಿಂಡಿಯಿಂದ ಸುಟ್ಟ ಸುಣ್ಣ ಎಳೆಯಬಹುದು. ಕಿಂಡಿ ಇರುವುದು ಸುತ್ತಲಿನ ನೆಲದ ಮಟ್ಟದಲ್ಲೇ, ಅದರ ಮುಂದೆ ಎಲ್ಲಾ ಬಯಲು. ನಮಗೆ ಸಿಕ್ಕ ದಿಬ್ಬ ಗಿಡ್ಡ. ಗೋಡೆ ಎತ್ತರಿಸುವ ಬದಲು ನಾವು ಕೆಳಗೆ ಅಗೆದೆವು. ಕಿಂಡಿಯ ಮುಂದೆ 1.2 ಮೀಟರ್ ಆಳದ ಗುಂಡಿ, ಇಳಿಯಲು ಮೂರು ಮೆಟ್ಟಿಲು, ಮಳೆ ಬೀಳದ ಹಾಗೆ ಮೇಲೊಂದು ತಗಡು, ಗಾಳಿ ಬಡಿಯದ ಹಾಗೆ ಎರಡು ಪಕ್ಕಕ್ಕೂ ತಗಡು. ನೋಡಿ, ಎಷ್ಟು ಅಚ್ಚುಕಟ್ಟು ಅಂತ ಬೆನ್ನು ತಟ್ಟಿಕೊಂಡಿದ್ದೆವು.

ಗೂಡು ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ಆಮೇಲೆ ಆದದ್ದು ಅರ್ಥವಾಗುವುದಿಲ್ಲ. ಒಂದು ಪದರ ಕಲ್ಲಿದ್ದಲು, ಒಂದು ಪದರ ಕಲ್ಲು, ಹೀಗೆ ಬಾಯಿವರೆಗೆ ತುಂಬುತ್ತೀರಿ. ತೂಕದಲ್ಲಿ ನಾಲ್ಕೈದು ಪಾಲು ಕಲ್ಲಿಗೆ ಒಂದು ಪಾಲು ಕಲ್ಲಿದ್ದಲು. ಉರಿ ನಿಲ್ಲುವುದು ಗೂಡಿನ ನಡುಭಾಗದಲ್ಲಿ. ಅಲ್ಲಿ 900 ಡಿಗ್ರಿ ಮುಟ್ಟಿದಾಗ ಕಲ್ಲು ಒಡೆದು ಸುಣ್ಣ ಬೇರೆ, ಇಂಗಾಲದ ಡೈಆಕ್ಸೈಡ್ ಬೇರೆ ಆಗುತ್ತದೆ. ಮೇಲಿನ ಕಲ್ಲು ಏರಿ ಬರುವ ಬಿಸಿ ಗಾಳಿಯಲ್ಲಿ ಕಾಯುತ್ತಿರುತ್ತದೆ. ಕೆಳಗೆ, ಸುಟ್ಟು ಮುಗಿದ ಸುಣ್ಣ ಕಿಂಡಿಯಿಂದ ನುಗ್ಗುವ ಹೊರಗಾಳಿಗೆ ತಣಿಯುತ್ತದೆ, ಆ ಗಾಳಿ ಬಿಸಿಯಾಗಿ ಉರಿಗೆ ಹೋಗುತ್ತದೆ. ಬಹಳ ಜಾಣತನದ ಏರ್ಪಾಡು. ಆದರೆ ಇದರಿಂದಲೇ ಒಂದು ಮೋಸ ಆಗುತ್ತದೆ. ಮೇಲೆ ನಿಗಿನಿಗಿ ಅನ್ನುತ್ತಿದ್ದರೂ ಕಿಂಡಿ ಹತ್ತಿರದ ಸುಣ್ಣ ಕೈಯಲ್ಲಿ ಮುಟ್ಟುವಷ್ಟು ತಣ್ಣಗಿರುತ್ತದೆ. ಗೂಡು ಆರಿತು ಅನಿಸುತ್ತದೆ.

ಇನ್ನು ಲೆಕ್ಕ. 100 ಕಿಲೋ ಒಳ್ಳೇ ಸುಣ್ಣದ ಕಲ್ಲು ಪೂರ್ತಿ ಸುಟ್ಟರೆ ಉಳಿಯುವುದು 56 ಕಿಲೋ. ಮಿಕ್ಕ 44 ಕಿಲೋ ಇಂಗಾಲದ ಡೈಆಕ್ಸೈಡ್ ಅನಿಲವಾಗಿ ಹೋಗುತ್ತದೆ. ಒಂದು ಟನ್ ಕಲ್ಲಿಗೆ 440 ಕಿಲೋ, ತಣಿದ ಮೇಲೆ ಅದು ಹತ್ತಿರ ಹತ್ತಿರ 240 ಘನ ಮೀಟರ್. ಐದು ದೊಡ್ಡ ಕೋಣೆ ತುಂಬುವಷ್ಟು. ಕಲ್ಲಿದ್ದಲು ಉರಿದು ಬರುವುದು ಬೇರೆ. ನಾವು ತುಂಬಿದ್ದು ಒಂದೂವರೆ ಟನ್ ಕಲ್ಲು. ಆ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಬಿಸಿಯಿದ್ದರೆ ಮೇಲೆ ಏರಿ ಹೋಗುತ್ತದೆ, ತಣ್ಣಗಾದರೆ ನೀರಿನ ಹಾಗೆ ತಗ್ಗು ಹುಡುಕುತ್ತದೆ. ನಾವೇ ಒಂದು ತಗ್ಗು ತೋಡಿ, ಸುತ್ತ ತಗಡು ಕಟ್ಟಿ ಕೊಟ್ಟಿದ್ದೆವು.

ಇದು ಸಾಲದು ಅಂತ ಇನ್ನೂ ಎರಡು ತಪ್ಪು. ಕಲ್ಲು ಒಂದೇ ಅಳತೆಗೆ, ಮುಷ್ಟಿ ಗಾತ್ರಕ್ಕೆ ಒಡೆಯಬೇಕು. ಮೊದಲ ದಿನ ಹಾಗೇ ಮಾಡಿದೆವು. ಎರಡನೇ ದಿನ ಕೈ ಸೋತು, ನೆಲದಲ್ಲಿ ಬಿದ್ದಿದ್ದ ಚೂರು, ಪುಡಿ ಎಲ್ಲಾ ಸಲಿಕೆಯಲ್ಲಿ ಬಾಚಿ ಮೇಲೆ ಸುರಿದೆವು. ಸುಮ್ನೆ ಯಾಕೆ ಹಾಳು ಮಾಡೋದು ಅಂತ. ಆ ಪುಡಿ ಕಲ್ಲುಗಳ ಸಂದಿಗೆ ಇಳಿದು ಗಾಳಿಯ ದಾರಿ ಮುಚ್ಚಿತು. ಸಾಲದ್ದಕ್ಕೆ ರಾತ್ರಿ ಮಳೆ ಬಂದು ಮೇಲಿನ ಪದರ ನೆನೆಯಿತು. ಉರಿ ಜೋರಾದೀತು ಅಂತ ನಾವು ಕಿಂಡಿಗೂ ತಗಡು ಅಡ್ಡ ಇಟ್ಟು ಮಲಗಿದೆವು. ಮೇಲೂ ಕಟ್ಟಿಕೊಂಡಿತು, ಕೆಳಗೂ ಮುಚ್ಚಿತು. ಒಳಗೆ ಕಲ್ಲು ಮಾತ್ರ ತನ್ನ ಪಾಡಿಗೆ ಅನಿಲ ಬಿಡುತ್ತಲೇ ಇತ್ತು.

ಮೂರನೇ ದಿನ ಬೆಳಿಗ್ಗೆ ಗೂಡಿನ ಬಾಯಲ್ಲಿ ಹೊಗೆ ಇರಲಿಲ್ಲ. ಗಾಳಿಯೂ ಇರಲಿಲ್ಲ, ಎಲೆ ಅಲುಗುತ್ತಿರಲಿಲ್ಲ. ಗುಂಡಿಗೆ ಇಳಿದು ಕಿಂಡಿಯ ತಗಡು ತೆಗೆದೆ. ನಿಂತುಕೊಂಡೇ ಬಗ್ಗದೆ ಸಲಾಕೆಯಲ್ಲಿ ಒಂದಿಷ್ಟು ಕೆದಕಿದೆ. ಏನೂ ಆಗಲಿಲ್ಲ. ಮೇಲೆ ಬಂದು ಕೈಗವಸು ಹಾಕಿಕೊಂಡು ಮತ್ತೆ ಇಳಿದೆ. ಈ ಸಲ ಸುಣ್ಣ ಎಳೆಯಲು ಮಂಡಿಯೂರಿ ಕೂತೆ.

ಮೊದಲು ಮೂಗಿನಲ್ಲಿ ಒಂದು ಚುರುಕು. ಸೋಡಾ ಕುಡಿದು ತೇಗಿದಾಗ ಮೂಗಿಗೆ ಏರುತ್ತದಲ್ಲ, ಥೇಟ್ ಹಾಗೆ. ನಾಲಿಗೆ ಮೇಲೆ ಸ್ವಲ್ಪ ಹುಳಿ. ಸುಣ್ಣದ ಧೂಳು ಅಂದುಕೊಂಡೆ. ಆಮೇಲೆ ಏದುಸಿರು. ನಾಲ್ಕು ಸಲ ಸಲಾಕೆ ಎಳೆದದ್ದಕ್ಕೆ ಇಷ್ಟು ಸುಸ್ತಾ ಅಂತ ನನಗೇ ನಗು ಬಂತು. ತಲೆಯೊಳಗೆ ಯಾರೋ ಗುದ್ದಿದ ಹಾಗೆ ರಕ್ತ ಬಡಿಯುತ್ತಿತ್ತು. ಏಳೋಣ ಅಂದುಕೊಂಡದ್ದು ನೆನಪಿದೆ. ಕಾಲು ಕೇಳಲಿಲ್ಲ. ಹಣೆ ಕಿಂಡಿಯ ಕಲ್ಲಿಗೆ ಬಡಿದದ್ದು ನೆನಪಿಲ್ಲ, ಗಾಯ ಮಾತ್ರ ಇದೆ.

ನಕ್ಷೆ ನೋಡಿಕೊಳ್ಳುತ್ತಿದ್ದ ಗೆಳೆಯ ಮೇಲಿಂದ ಏನೋ ಕೇಳಿದನಂತೆ. ಉತ್ತರ ಬರಲಿಲ್ಲ. ಸಲಾಕೆ ಸದ್ದೂ ನಿಂತಿತ್ತು. ಇಣುಕಿ ನೋಡಿ, ಹಿಂದೆ ಮುಂದೆ ಯೋಚಿಸದೆ ಧುಮುಕಿ, ಕಂಕುಳಿಗೆ ಕೈ ಹಾಕಿ ನನ್ನನ್ನು ಎತ್ತಿ ಅಂಚಿಗೆ ಒರಗಿಸಿದ. ಅವನು ಬದುಕಿದ್ದಕ್ಕೆ ಒಂದೇ ಕಾರಣ, ಅವನು ಎತ್ತರದವನು, ಬಗ್ಗಿದ್ದು ಕ್ಷಣ ಮಾತ್ರ. ನಿಂತರೆ ನಮ್ಮ ತಲೆ ಆ ಅನಿಲದ ಮಟ್ಟಕ್ಕಿಂತ ಮೇಲೆ, ಕೂತರೆ ಮುಳುಗುತ್ತಿತ್ತು. ಮೊದಲ ಸಲ ಇಳಿದಾಗ ನನಗೆ ಏನೂ ಆಗದಿದ್ದದ್ದೂ ಇದಕ್ಕೇ. ಇಂಥ ಕಡೆ ಒಬ್ಬನನ್ನು ಉಳಿಸಲು ಇಳಿದ ಎರಡನೆಯವನು, ಅವನ ಹಿಂದೆ ಮೂರನೆಯವನು ಸಾಯುವುದು ಎಷ್ಟೋ ಸಲ ಆಗಿದೆ. ಬಾವಿಯಲ್ಲಿ, ಹಗೇವಿನಲ್ಲಿ, ಮಲದ ಗುಂಡಿಯಲ್ಲಿ ಆಗುವುದೂ ಇದೇ ಅಲ್ವಾ. ಅವನು ನನ್ನ ಜೀವ ಉಳಿಸಿದ ಅನ್ನುವುದು ನಿಜ, ಅವನು ಮಾಡಿದ್ದು ತಪ್ಪು ಅನ್ನುವುದೂ ನಿಜ. ಇಳಿಯುವವನ ಎದೆಗೆ ಮೊದಲೇ ಹಗ್ಗ ಕಟ್ಟಿರಬೇಕಿತ್ತು. ಹೊರಗಿಂದ ಎಳೆಯಬೇಕಿತ್ತು.

ಎರಡು ದಿನ ತಲೆನೋವು, ವಾಕರಿಕೆ. ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟರು. ಹೋಗಲೇಬೇಕಿತ್ತು, ಯಾಕೆಂದರೆ ಕಲ್ಲಿದ್ದಲು ಸರಿಯಾಗಿ ಗಾಳಿ ಸಿಗದೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ಕೂಡ ಬರುತ್ತದೆ. ಅದಕ್ಕೆ ವಾಸನೆಯಿಲ್ಲ, ಚುರುಕೂ ಇಲ್ಲ. ಎರಡೂ ಸೇರಿ ನನ್ನನ್ನು ಕೆಡವಿರಬಹುದು.

ಆ ಸಂಜೆ ಗೆಳೆಯರು ಗುಂಡಿಯ ಅಂಚಿನಿಂದ ಒಂದು ಮೇಣದ ಬತ್ತಿಯನ್ನು ಕೋಲಿಗೆ ಕಟ್ಟಿ ಇಳಿಬಿಟ್ಟರಂತೆ. ಸೊಂಟದ ಮಟ್ಟಕ್ಕೆ ಬರುತ್ತಿದ್ದ ಹಾಗೆ ಜ್ವಾಲೆ ಬತ್ತಿಯಿಂದ ಮೇಲಕ್ಕೆ ಎದ್ದು ಪಟ್ಟನೆ ಆರಿತು. ಆರಿದ ಬತ್ತಿಯ ಹೊಗೆ ಕೆಳಗೆ ಇಳಿಯಲಿಲ್ಲ, ಮೇಲೆ ಹೋಗಲಿಲ್ಲ. ಗುಂಡಿಯ ಅಡ್ಡಕ್ಕೆ ಹಾಸಿದ ಬಟ್ಟೆಯ ಹಾಗೆ ನಿಂತಿತ್ತಂತೆ. ಕೇಳಿ ಬೆನ್ನು ತಣ್ಣಗಾಯಿತು. ಆದರೆ ದಯವಿಟ್ಟು ಈ ಬತ್ತಿಯನ್ನೇ ಪರೀಕ್ಷೆ ಅಂತ ನಂಬಬೇಡಿ. ಇಂಗಾಲದ ಡೈಆಕ್ಸೈಡ್ ನೂರಕ್ಕೆ 10 ಭಾಗ ಆದರೆ ಮನುಷ್ಯ ಕೆಲವೇ ನಿಮಿಷದಲ್ಲಿ ಪ್ರಜ್ಞೆ ತಪ್ಪುತ್ತಾನೆ, ಬತ್ತಿ ಆರುವುದೂ ಸುಮಾರು ಅಷ್ಟರಲ್ಲೇ. ಕಾರ್ಬನ್ ಮೊನಾಕ್ಸೈಡ್ ಇದ್ದರೆ ಬತ್ತಿ ಚೆನ್ನಾಗಿಯೇ ಉರಿಯುತ್ತಿರುತ್ತದೆ. ಎರಡಕ್ಕೂ ಬೇರೆ ಬೇರೆ ಮೀಟರ್ ಬೇಕು. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳುವುದು ಧೂಳಿಗೆ ಮಾತ್ರ, ಅನಿಲಕ್ಕೆ ಅದು ಲೆಕ್ಕಕ್ಕೇ ಇಲ್ಲ. ಹಿಂದೆ ಇಂಗ್ಲೆಂಡಿನಲ್ಲಿ ಚಳಿಗೆ ಬೆಚ್ಚಗಿರುತ್ತದೆ ಅಂತ ಸುಣ್ಣದ ಗೂಡಿನ ಬಾಯಿ ಹತ್ತಿರ ಮಲಗಿದ ಅಲೆಮಾರಿಗಳು ಬೆಳಿಗ್ಗೆ ಏಳದೇ ಹೋದದ್ದು ಎಷ್ಟೋ ಸಲ. ಕೆಳಗೆ ಮಾತ್ರ ಅಪಾಯ ಅಂತಲೂ ಅಲ್ಲ.

ಇಷ್ಟೆಲ್ಲಾ ಆಗಿ ಸುಣ್ಣವಾದರೂ ಚೆನ್ನಾಗಿ ಬಂತಾ? ಅದೂ ಇಲ್ಲ. ಗಾಳಿ ಒಂದು ಪಕ್ಕದಿಂದ ಮಾತ್ರ ಹರಿದಿದ್ದರಿಂದ ಆ ಪಕ್ಕ ಅತಿಯಾಗಿ ಬೆಂದು ಗಟ್ಟಿಯಾಗಿ ಕೂತಿತ್ತು. ಇನ್ನೊಂದು ಪಕ್ಕ ಹಸಿ. ಕೈಗೆತ್ತಿಕೊಂಡರೆ ತೂಕದಲ್ಲೇ ಗೊತ್ತಾಗುತ್ತದೆ, ಬೆಂದದ್ದು ಹಗುರ, ಬೇಯದ್ದು ಕಲ್ಲಿನ ಹಾಗೇ ಭಾರ. ಒಡೆದರೆ ಒಳಗೆ ಬೂದು ತಿರುಳು. ಹಸಿ ಕಲ್ಲನ್ನು ಆರಿಸಿ ಎಸೆಯಬಹುದು, ಅದು ದೊಡ್ಡ ತೊಂದರೆಯಲ್ಲ. ಅತಿಯಾಗಿ ಬೆಂದದ್ದು ಹಾಗಲ್ಲ. ಅದು ನೀರಿಗೆ ಹಾಕಿದ ತಕ್ಷಣ ಅರಳುವುದಿಲ್ಲ, ಅಂದರೆ ನೀರು ಕುಡಿದು, ಬಿಸಿಯಾಗಿ, ಉಬ್ಬಿ ಪುಡಿಯಾಗುವುದಿಲ್ಲ. ಗೋಡೆಗೆ ಹಚ್ಚಿ ತಿಂಗಳುಗಳಾದ ಮೇಲೆ ಒಳಗೇ ಅರಳಿ, ಉಬ್ಬಿ, ಗಿಲಾವನ್ನು ಚಕ್ಕೆ ಎಬ್ಬಿಸುತ್ತದೆ.

ಅರಳಿಸುವಾಗಿನ ಕತೆಯನ್ನೂ ಚಿಕ್ಕದಾಗಿ ಹೇಳಿಬಿಡುತ್ತೇನೆ. ಕಲ್ಲು ಕಟ್ಟುವ ಗೆಳೆಯ ಬಕೆಟ್ಟಿಗೆ ಸುಟ್ಟ ಸುಣ್ಣ ಹಾಕಿ ಅದರ ಮೇಲೆ ಒಂದು ಚೊಂಬು ನೀರು ಹೊಯ್ದ. ಒಂದು ನಿಮಿಷ ಏನೂ ಇಲ್ಲ. ಏನಿದು ಅಂತ ಬಗ್ಗಿದ, ಅಷ್ಟರಲ್ಲಿ ಬುಸ್ ಅಂತ ಸಿಡಿಯಿತು. ಕಡಿಮೆ ನೀರಿಗೆ ಅಷ್ಟೂ ಶಾಖ ಸಿಕ್ಕಿ ನೀರು ಅಲ್ಲೇ ಕುದಿದು ಹಾರುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನ ತಳ ಕರಗಿ ಸೊಟ್ಟಗಾಯಿತು. ಯಾವಾಗಲೂ ಮೊದಲು ಬೇಕಾದಷ್ಟು ನೀರು, ಆಮೇಲೆ ಅದಕ್ಕೆ ಸ್ವಲ್ಪ ಸ್ವಲ್ಪವೇ ಸುಣ್ಣ, ಅದೂ ಅಗಲ ಬಾಯಿಯ ಕಬ್ಬಿಣದ ತೊಟ್ಟಿಯಲ್ಲಿ. ಅವನ ಕಣ್ಣಿಗೆ ಬಿದ್ದದ್ದು ಸಣ್ಣ ಹನಿ. ಅರ್ಧ ಗಂಟೆ ಬರೀ ಶುದ್ಧ ನೀರು ಹರಿಸುತ್ತಲೇ ಇದ್ದೆವು, ಆಮೇಲೆ ಕಣ್ಣಿನ ಡಾಕ್ಟರ ಹತ್ತಿರ ಓಡಿದೆವು. ಹುಳಿ ಹಿಂಡಿದರೆ ಸುಣ್ಣ ಸಾಯುತ್ತದೆ ಅಂತ ಯಾರೋ ಹೇಳಿದರು. ಕಣ್ಣಿಗೆ ಅಂಥದ್ದೇನೂ ಹಾಕಬೇಡಿ. ಮೈಮೇಲೆ ಒಣ ಪುಡಿ ಬಿದ್ದರೆ ಮೊದಲು ಒರೆಸಿ ಉದುರಿಸಿ, ಆಮೇಲೆ ಧಾರಾಳವಾಗಿ ನೀರು.

ಗಾರೆ ಕೆಲಸದಲ್ಲೇ ತಲೆ ನೆರೆತ ಹಿರಿಯರೊಬ್ಬರನ್ನು ಆಮೇಲೆ ಕರೆಸಿದೆವು. ಮೊದಲೇ ಕರೆಸಬೇಕಿತ್ತು, ಗೊತ್ತು. ಅವರು ಗೂಡಿನ ಸುತ್ತ ಒಂದು ಸುತ್ತು ಬಂದು, ಗೋಡೆ ಬಗ್ಗೆ ಒಂದು ಮಾತೂ ಆಡದೆ, ಗುಂಡಿಯ ಮುಂದೆ ನಿಂತು ಕೇಳಿದರು: "ಇದಕ್ಕೆ ಇನ್ನೊಂದು ದಾರಿ ಎಲ್ಲಪ್ಪಾ?"

ಈಗ ಆ ಗುಂಡಿ ಇಲ್ಲ. ಎದುರಿನ ಮಣ್ಣನ್ನು ಇಳಿಜಾರು ಸಿಗುವವರೆಗೆ, ಅಂದರೆ ಹನ್ನೊಂದು ಮೀಟರ್ ದೂರ ಅಗೆದು ಹಾಕಿದೆವು. ಕಿಂಡಿಯ ಮುಂದಿನ ನೆಲ ಹೊರಕ್ಕೆ ವಾಲಿದೆ, ನೀರು ಚೆಲ್ಲಿದರೆ ಹರಿದುಹೋಗುತ್ತದೆ. ಪಕ್ಕದ ತಗಡು ಕಿತ್ತಾಯಿತು. ಮಳೆಗೆ ಮೇಲೊಂದು ಎತ್ತರದ ಮಾಡು ಮಾತ್ರ ಇದೆ. ಕಲ್ಲಿನ ಪುಡಿಯನ್ನು ಜರಡಿ ಹಿಡಿದು ಹೊರಗಿಡುತ್ತೇವೆ. ಸುಣ್ಣ ಎಳೆಯುವ ಸಲಾಕೆಗೆ ಉದ್ದದ ಹಿಡಿ ಹಾಕಿಸಿದ್ದೇವೆ, ನಿಂತುಕೊಂಡೇ ಎಳೆಯಬಹುದು. ಕೆಳಗೆ ಒಬ್ಬ ಇದ್ದರೆ ಮೇಲೆ ಇನ್ನೊಬ್ಬ ಇರಲೇಬೇಕು, ಮಾತಾಡುತ್ತಲೇ ಇರಬೇಕು. ಏನೂ ಮಾತಿಲ್ಲದಿದ್ದರೆ ಸಲಾಕೆ ಎಣಿಸುತ್ತೇವೆ, ಜೋರಾಗಿ.