ಒಂದೇ ಅಂಕಿ, ಮೂರು ಬೀದಿ: ಕರಡು ಭೂಬಳಕೆ ನಕ್ಷೆ ನೋಡಿಬಂದೆ

ಹೊಸ ಮಾಸ್ಟರ್ ಪ್ಲಾನಿನ ಕರಡನ್ನು ಜನರಿಗೆ ತೋರಿಸಿ ಅಭಿಪ್ರಾಯ ಕೇಳುತ್ತಿದ್ದಾರೆ. ಮೊದಲು ವೆಬ್‌ಸೈಟಿನಲ್ಲಿ ನೋಡಿದೆ, ಆಮೇಲೆ ಖುದ್ದಾಗಿ ಹೋದೆ. ಮೂವತ್ತು ವರ್ಷ ಕಟ್ಟಡಗಳ ನಕ್ಷೆ ಎಳೆದವನು ನಾನು, ಹಾಗಾಗಿ ನನ್ನ ಕಣ್ಣು ಸ್ವಲ್ಪ ತಕರಾರಿನದು.

ವೆಬ್‌ಸೈಟ್ ಪರವಾಗಿಲ್ಲ. ನಿವೇಶನದ ಮೇಲೆ ಒತ್ತಿದರೆ ಬಳಕೆ, ಎತ್ತರ, ಎಫ್‌ಎಆರ್ (ಎಲ್ಲ ಅಂತಸ್ತು ಸೇರಿ ನಿವೇಶನದ ಎಷ್ಟು ಪಟ್ಟು ಕಟ್ಟಬಹುದೆಂಬ ಅಂಕಿ) ಕಾಣುತ್ತೆ. ಮೊಬೈಲಿನಲ್ಲಿ ಮಾತ್ರ ಬಣ್ಣಗಳ ವಿವರಣೆ ಬಂದು ನಕ್ಷೆಯನ್ನೇ ಮುಚ್ಚಿಬಿಡುತ್ತೆ.

ನಮ್ಮ ಬೀದಿ ತಿಳಿ ಹಳದಿಯಿಂದ ಕಡು ಹಳದಿಗೆ ಹೋಗಿದೆ. ಒಂಟಿ ಮನೆಗಳಿದ್ದ ಜಾಗದಲ್ಲಿ ಇನ್ನು ಎಫ್‌ಎಆರ್ 2ರವರೆಗೆ ಕಟ್ಟಬಹುದು. ಅದಕ್ಕೆ ನನ್ನ ವಿರೋಧವಿಲ್ಲ. ಬರುವವರು ಎಲ್ಲಾದರೂ ಇರಬೇಕಲ್ಲ, ಇಲ್ಲಿ ಬೇಡವೆಂದರೆ ಊರಾಚೆಯ ಹೊಲ ಹೋಗುತ್ತೆ. ಅಮೆರಿಕದ ಮಿನಿಯಾಪೊಲಿಸ್ ನಗರ 2018ರಲ್ಲೇ ಒಂದು ಮನೆಗೆ ಮೀಸಲಾಗಿದ್ದ ನಿವೇಶನಗಳಲ್ಲಿ ಮೂರು ಮನೆ ಕಟ್ಟಲು ದಾರಿ ಮಾಡಿಕೊಟ್ಟ ಯೋಜನೆಗೆ ಒಪ್ಪಿಗೆ ಕೊಟ್ಟಿತು. ನನಗಿದ್ದ ಪ್ರಶ್ನೆ ಬೇರೆ: ಕಟ್ಟಿದ ಮೇಲೆ ಬೀದಿ ಹೇಗೆ ಕಾಣುತ್ತೆ?

ಇದಕ್ಕೆ ನಕ್ಷೆಯಲ್ಲಿ ಉತ್ತರವಿರಲಿಲ್ಲ. ಉತ್ತರ ಕೊಟ್ಟವರು ಮೂಲೆಯ ಮೇಜಿನಲ್ಲಿದ್ದ ಕಿರಿಯ ಅಧಿಕಾರಿ. ಆಕೆ ಮರದ ತುಂಡುಗಳ ಡಬ್ಬಿ ತೆಗೆದರು. 'ಸಾವಿರ ಚದರ ಮೀಟರ್ ಜಾಗ ಅಂದ್ಕೊಳ್ಳಿ ಸರ್. ಎಫ್‌ಎಆರ್ 2 ಅಂದ್ರೆ ಎರಡು ಸಾವಿರ ಚದರ ಮೀಟರ್ ಕಟ್ಟಡ.' ಅರ್ಧ ಜಾಗದಲ್ಲಿ ನಾಲ್ಕು ಅಂತಸ್ತು ಜೋಡಿಸಿದರು. ಅವೇ ತುಂಡುಗಳನ್ನು ಕಾಲು ಭಾಗದಲ್ಲಿ ಎಂಟು ಅಂತಸ್ತಾಗಿ ನಿಲ್ಲಿಸಿದರು. ಮತ್ತೆ ಕೆಡವಿ, ಗಡಿಯಿಂದ ಗಡಿಗೆ ಎರಡೇ ಅಂತಸ್ತು ಹರಡಿದರು. ಮೂರಕ್ಕೂ ಅಂಕಿ ಒಂದೇ, ಬೀದಿ ಮಾತ್ರ ಮೂರು ಬೇರೆ ಬೇರೆ.

'ಕಾರು ಎಲ್ಲಿಡ್ತೀರಿ ಮೇಡಂ?' ಅಂದೆ. ನಕ್ಕರು. ಲೆಕ್ಕ ಇಬ್ಬರಿಗೂ ಗೊತ್ತಿತ್ತು. ಒಂದು ಕಾರಿಗೆ, ಓಡಾಡುವ ದಾರಿ ಸೇರಿ, ಸುಮಾರು 25 ಚದರ ಮೀಟರ್ ಬೇಕು. ಇಪ್ಪತ್ತು ಮನೆಗೆ ಇಪ್ಪತ್ತು ಕಾರು ಅಂದರೆ ಐನೂರು. ಅಲ್ಲಿಗೆ ನಾಲ್ಕಂತಸ್ತಿನ ಆ ಕಟ್ಟಡದ ನೆಲಮಹಡಿ ಪೂರ್ತಿ ಮುಗಿಯಿತು. ಕಿಟಕಿ ಇರಬೇಕಾದ ಕಡೆ ಕಂಬ, ಕಂಬದ ನಡುವೆ ಬಂಪರ್. ಕಟ್ಟುವವರು ಇಷ್ಟು ಕಾರಿಗೆ ಜಾಗ ಬಿಡಲೇಬೇಕು ಎಂಬ ಕನಿಷ್ಠ ಪಾರ್ಕಿಂಗ್ ನಿಯಮವನ್ನೇ ಅಮೆರಿಕದ ಬಫಲೊ ನಗರ 2017ರಲ್ಲಿ ಕೈಬಿಟ್ಟಿತು. ಈ ಕರಡಿನಲ್ಲಿ ಆ ನಿಯಮ ಹಾಗೇ ಕೂತಿದೆ.

'ಪ್ರದೇಶದ ಸ್ವರೂಪವನ್ನು ಕಾಪಾಡಿಕೊಳ್ಳಲಾಗುವುದು' ಎಂಬ ಒಂದು ಸಾಲೂ ಕರಡಿನಲ್ಲಿದೆ. ಸ್ವರೂಪ ಎಂದರೇನು ಅಂತ ಎಲ್ಲೂ ಬರೆದಿಲ್ಲ. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರ ಪ್ರಕಾರ ಬಾಡಿಗೆಯವರು ಬಾರದಿರುವುದೇ ಸ್ವರೂಪ! ಇದೇನೂ ಹೊಸ ರಾಗವಲ್ಲ. ಎಲ್ಲಿ ಏನು ಕಟ್ಟಬಹುದೆಂದು ಹೇಳುವ ವಲಯ ನಿಯಮಗಳನ್ನು ಎತ್ತಿಹಿಡಿದ 1926ರ ಯೂಕ್ಲಿಡ್ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅಪಾರ್ಟ್‌ಮೆಂಟನ್ನು ಪರಾವಲಂಬಿ ಎಂದೇ ಕರೆದಿತ್ತು. ನಾನು ಕೇಳುವುದು ಟೇಪಿನಲ್ಲಿ ಅಳೆಯಲು ಬರುವಂಥದ್ದು: ರಸ್ತೆಯಿಂದ ಗೋಡೆಗೆ ಎಷ್ಟು ದೂರ, ಕಾಂಪೌಂಡ್ ಸೊಂಟದೆತ್ತರವೋ ತಲೆ ಮೀರಿದ್ದೋ, ಬಾಗಿಲು ಬೀದಿಗೆ ತೆರೆಯುತ್ತೋ ಇಲ್ಲವೋ, ಮರದ ಬೇರಿಗೆ ಮಣ್ಣು ಬಿಟ್ಟಿದ್ದಾರೋ ಕಾಂಕ್ರೀಟ್ ಮೆತ್ತಿದ್ದಾರೋ. ಇವಿಷ್ಟು ಸರಿಯಿದ್ದರೆ ನಾಲ್ಕಂತಸ್ತು ಬಂದರೂ ಬೀದಿ ಬೀದಿಯಾಗೇ ಇರುತ್ತೆ.

ಆ ಅಧಿಕಾರಿಗೆ ಐದಕ್ಕೆ ಐದು. ನಕ್ಷೆಗೆ ಮೂರು. ಅಭಿಪ್ರಾಯದ ಫಾರಂಗೆ ಒಂದು ಕೊಡುವುದೂ ಹೆಚ್ಚೇ. 'ಒಪ್ಪಿಗೆ', 'ಆಕ್ಷೇಪ' ಅಂತ ಎರಡು ಚೌಕ ಬಿಟ್ಟರೆ ಅದರಲ್ಲಿ ಏನೂ ಇಲ್ಲ. ಎರಡನ್ನೂ ಖಾಲಿ ಬಿಟ್ಟು, ಹಾಳೆಯ ಹಿಂಬದಿಯಲ್ಲಿ ಬೀದಿಯ ಅಡ್ಡಕೊಯ್ತದ ನಕ್ಷೆ ಬರೆದು, ಅಳತೆ ಹಾಕಿ ಕೊಟ್ಟೆ. ಕೌಂಟರಿನಲ್ಲಿದ್ದವರು ತಿರುಗಿಸಿ ಮುರುಗಿಸಿ ನೋಡಿ ಸೀಲು ಒತ್ತಿದರು. ಮನೆಗೆ ಬಂದು ರಸೀದಿ ನೋಡಿದರೆ, ವಿಭಾಗದ ಮುಂದೆ 'ಆಕ್ಷೇಪ' ಅಂತಿದೆ.