ಚೆಸಾರೆ ಕಣ್ಣು ಬಿಡುವ ಹೊತ್ತು: ‘ಕ್ಯಾಲಿಗರಿ’ಯ 4ಕೆ ಬ್ಲೂ-ರೇ

ಜರ್ಮನ್ ನಟ ಕಾನ್ರಾಡ್ ಫೈಟ್‌ನ ಕಸುಬು ತಿಳಿಯಬೇಕೆಂದರೆ ಮೂಕಿ ಚಿತ್ರ ‘ದಿ ಕ್ಯಾಬಿನೆಟ್ ಆಫ್ ಡಾ. ಕ್ಯಾಲಿಗರಿ’ಯ (1920) 4ಕೆ ಪ್ರತಿಯನ್ನೇ ಹುಡುಕಿ. ಪುಕ್ಕಟೆ ಸಿಗುವ ಹಳೇ ಪ್ರತಿಗಳಲ್ಲಿ ಆತನ ಮುಖ ಸುಣ್ಣದ ಗೋಡೆ, ಕಣ್ಣು ಎರಡು ಮಸಿಬೊಟ್ಟು, ಅಷ್ಟೇ.

2014ರ ಈ ಆವೃತ್ತಿ ಹಳೇ ಜರ್ಮನ್ ಚಿತ್ರಗಳನ್ನು ಕಾಪಿಡುವ, ವೀಸ್‌ಬಾಡೆನ್‌ನ ಮುರ್ನೌ ಪ್ರತಿಷ್ಠಾನದ್ದು. ಕ್ಯಾಮೆರಾದ ಮೂಲ ನೆಗೆಟಿವ್‌ನಿಂದಲೇ ಮಾಡಿದ್ದಾರೆ. ಅದರಲ್ಲಿ ಮೊದಲ ಅಂಕ ಉಳಿದಿರಲಿಲ್ಲ. ಬೇರೆ ಪ್ರಿಂಟ್‌ಗಳಿಂದ ತುಂಬಿದ್ದರಿಂದ ಶುರುವಿನ ಚಿತ್ರ ತುಸು ಮಸುಕು. ಡಿಸ್ಕ್ ಕೆಟ್ಟಿದೆ ಎಂದು ವಾಪಸ್ ಕಳಿಸಬೇಡಿ.

ಚಿತ್ರದಲ್ಲಿ ಫೈಟ್ ನಿದ್ದೆಯಲ್ಲಿ ನಡೆಯುವ ಚೆಸಾರೆ. ಜಾತ್ರೆಯ ಡೇರೆಯಲ್ಲಿ ಅವನನ್ನು ಎಬ್ಬಿಸುವ ಕ್ಲೋಸಪ್ಪಿಗೇ ಕೊಟ್ಟ ದುಡ್ಡು ಸಾರ್ಥಕ. ಮೊದಲು ಮುಖದ ಸ್ನಾಯು ಅದುರುತ್ತದೆ, ತುಟಿ ಒಂದಿಷ್ಟು ಬಿಚ್ಚಿಕೊಳ್ಳುತ್ತದೆ, ಆಮೇಲೆ ರೆಪ್ಪೆ ಮೇಲೇಳುತ್ತದೆ, ಕೊನೆಗೆ ಕಣ್ಣು ಅಗಲವಾಗಿ ನೆಟ್ಟು ನಿಲ್ಲುತ್ತದೆ. ಫೈಟ್ ಬರ್ಲಿನ್ನಿನಲ್ಲಿ ರಂಗ ನಿರ್ದೇಶಕ ಮ್ಯಾಕ್ಸ್ ರೈನ್‌ಹಾರ್ಟ್‌ನ ಡಾಯ್ಚಸ್ ಥಿಯೇಟರಿನಲ್ಲಿ ಪಳಗಿದ ನಟ. ರಂಗದ ಗತ್ತನ್ನು ರೆಪ್ಪೆಗೆ ಇಳಿಸಿದ್ದಾನೆ. ಗೋಡೆ ಸವರುತ್ತ ಸಾಗುವ ದೃಶ್ಯದಲ್ಲಂತೂ ಕಪ್ಪು ಬಟ್ಟೆಯ ಆ ಸಣಕಲು ಮೈ ಸೆಟ್ಟಿನ ಮೇಲೆ ಎಳೆದ ಇನ್ನೊಂದು ಗೆರೆ. ಸೆಟ್ಟಿನಲ್ಲಿ ನೆರಳನ್ನೂ ಬಣ್ಣದಲ್ಲೇ ಬರೆದದ್ದು, ಕುಂಚದ ಗುರುತು ಈಗ ಕಾಣುತ್ತದೆ.

ಕೊಳ್ಳುವ ಮುನ್ನ ಅವಧಿ ನೋಡಿ: ಸುಮಾರು 77 ನಿಮಿಷ ಇರಬೇಕು. ಒಂದು ಗಂಟೆಗೂ ಕಡಿಮೆಯಿದ್ದರೆ ಒಂದೋ ಕತ್ತರಿ ಬಿದ್ದಿದೆ, ಇಲ್ಲವೇ ಸೆಕೆಂಡಿಗೆ 18ರ ಆಸುಪಾಸಿನ ಫ್ರೇಮ್‌ಗಳನ್ನು 24ಕ್ಕೆ ಓಡಿಸಿದ್ದಾರೆ. ಹಾಗೆ ಓಡಿಸಿದರೆ ನಿದ್ದೆಯಲ್ಲಿ ನಡೆಯುವ ಚೆಸಾರೆ ಕುಪ್ಪಳಿಸತೊಡಗುತ್ತಾನೆ, ನಗು ಬರುತ್ತದೆ. ಚಲನೆಯನ್ನು ಕೃತಕವಾಗಿ ನುಣುಪಾಗಿಸುವ ಟಿವಿಯ ಮೋಷನ್ ಸ್ಮೂದಿಂಗ್ ಆಫ್ ಮಾಡಿ. ದೃಶ್ಯಗಳ ನಡುವೆ ಬರುವ ಜರ್ಮನ್ ಬರಹದ ಫಲಕಗಳನ್ನು ಉಳಿಸಿಕೊಂಡು ಕೆಳಗೆ ಸಬ್‌ಟೈಟಲ್ ಕೊಟ್ಟ ಡಿಸ್ಕೇ ಲೇಸು. ಆ ಅಂಕುಡೊಂಕು ಅಕ್ಷರಗಳೂ ಸೆಟ್ಟಿನ ಜಾತಿಯವೇ. ಅಲ್ಲಲ್ಲಿ ಉಳಿದ ಉದ್ದ ಗೀರುಗಳು ನೆಗೆಟಿವ್‌ನವು, ಸಹಿಸಿಕೊಳ್ಳಬೇಕು.

ಇಲ್ಲಿ ಕಾಣದ ಒಂದೇ ಸಂಗತಿ ಫೈಟ್‌ನ ದನಿ. 1933ರಲ್ಲಿ ಯಹೂದಿ ಹೆಂಡತಿಯೊಂದಿಗೆ ಜರ್ಮನಿ ಬಿಟ್ಟು ಬ್ರಿಟನ್ ಸೇರಿದ ಮೇಲಿನ ಕೆಲಸ ಬೇಕಿದ್ದರೆ ‘ದಿ ಥೀಫ್ ಆಫ್ ಬಾಗ್ದಾದ್’ (1940) ತೆಗೆದುಕೊಳ್ಳಿ. ಖಳ ಮಾಂತ್ರಿಕ ಜಾಫರ್ ಆಗಿ ಫೈಟ್, ಎದುರಿಗೆ ನಮ್ಮ ಮೈಸೂರು ಸೀಮೆಯ ನಟ ಸಾಬು. ‘ಕಾಸಾಬ್ಲಾಂಕಾ’ದಲ್ಲಿ (1942) ನಾಜಿ ಮೇಜರ್ ಸ್ಟ್ರಾಸರ್ ಆದದ್ದು ನಾಜಿಗಳಿಂದಲೇ ದೂರ ಸರಿದಿದ್ದ ಇದೇ ನಟ, ಮರುವರ್ಷ ಏಪ್ರಿಲ್‌ನಲ್ಲಿ, 50ನೇ ವಯಸ್ಸಿಗೆ, ಗಾಲ್ಫ್ ಆಡುತ್ತಿದ್ದಾಗ ಹೃದಯಾಘಾತವಾಗಿ ತೀರಿಕೊಂಡ.