ಕೂತು ಆಪರೇಷನ್ ಮಾಡುವ ಸ್ಟೂಲ್: ಆರು ತಿಂಗಳು ಬಳಸಿದ ಮೇಲೆ

ನಾನು ಹ್ಯಾಂಡ್ ಸರ್ಜನ್. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಎಡಗಾಲಿಗೆ ಬಲವಿಲ್ಲ, ಕ್ಯಾಲಿಪರ್ (ಕಾಲಿಗೆ ಆಸರೆ ಕೊಡುವ ಕಬ್ಬಿಣದ ಕಂಬಿ, ಪಟ್ಟಿ) ಹಾಕಿಕೊಂಡೇ ಓಡಾಡುತ್ತೇನೆ. ಕೈ ಸರ್ಜರಿ ಎಲ್ಲರೂ ಕೂತೇ ಮಾಡುತ್ತಾರೆ, ನಿಮಗೇನು ಕಷ್ಟ ಅಂತ ಕೇಳುವವರು ಜಾಸ್ತಿ. ಕಷ್ಟ ಇರುವುದು ಸ್ಟೂಲಿನಲ್ಲಿ.

ಮೊದಲು ತರಿಸಿದ್ದು ಕುದುರೆ ಜೀನಿನಂಥ ಸೀಟಿನದು, ಒಂದು ಕಂಪನಿ ಮಾಡಿದ್ದು. ಎತ್ತರ ಬದಲಿಸುವ ಲಿವರ್ ಸೀಟಿನ ಕೆಳಗೆ. ಕೈ ತೊಳೆದು ಗ್ಲೌಸ್ ಹಾಕಿದ ಮೇಲೆ ಅದನ್ನು ಮುಟ್ಟುವ ಹಾಗಿಲ್ಲ, ಅಲ್ವಾ? ಪ್ರತಿ ಸಲ ಸಿಸ್ಟರನ್ನು ಕರೆಯಬೇಕು. ಚಕ್ರಗಳದ್ದು ಇನ್ನೂ ದೊಡ್ಡ ತಲೆನೋವು. ಬಲಗಾಲಲ್ಲಿ ಕಾಟರಿ, ಅಂದರೆ ರಕ್ತ ನಿಲ್ಲಿಸಲು ಸುಡುವ ಯಂತ್ರದ ಪೆಡಲ್ ಒತ್ತಿದರೆ ಸ್ಟೂಲ್ ಹಿಂದಕ್ಕೆ ಜಾರುತ್ತಿತ್ತು. ಬೇರೆಯವರು ಇನ್ನೊಂದು ಕಾಲು ಊರಿ ತಡೆಯುತ್ತಾರೆ, ನನಗೆ ಆ ಆಸರೆ ಇಲ್ಲ, ಮೈಕ್ರೋಸ್ಕೋಪಿನಲ್ಲಿ ನರ ಹೊಲಿಯುವಾಗ ಒಂದು ಬೆರಳಿನಷ್ಟು ಸರಿದರೂ ನೋಡುತ್ತಿದ್ದ ಜಾಗವೇ ಕಣ್ತಪ್ಪುತ್ತದೆ.

ಕೊನೆಗೆ ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಸಣ್ಣ ವರ್ಕ್‌ಶಾಪಿಗೆ ಹೋದೆ. ಅವರು ಒಂದು ಭಾನುವಾರ ಖಾಲಿ ಓಟಿಗೆ (ಆಪರೇಷನ್ ಥಿಯೇಟರಿಗೆ) ಬಂದು, ನನ್ನ ಜಾಗದಲ್ಲಿ ಕೂತು, ಎಡಗಾಲು ಅಲುಗಿಸದೆ ಪೆಡಲ್ ಒತ್ತಿ ನೋಡಿದರು. ಅಲ್ಲೇ ಅರ್ಧ ಕೆಲಸ ಆಯಿತು.

ಈಗಿನದರಲ್ಲಿ ಕೂತ ಭಾರಕ್ಕೆ ಐದೂ ಚಕ್ರ ತಾವಾಗೇ ಕಚ್ಚಿಕೊಳ್ಳುತ್ತವೆ. ಏರಿಸಿ ಇಳಿಸುವ ಪೆಡಲ್ ಬಲಗಾಲಿಗೆ ಸಿಗುತ್ತದೆ. ಎಡಗಾಲಿನ ಬೂಟು ಊರಲು ಒಂದು ತಟ್ಟೆ ಇದೆ. ಮೊದಲು ಕಾಲು ಜೋತುಬಿದ್ದು ಕ್ಯಾಲಿಪರಿನ ಪಟ್ಟಿ ತೊಡೆಗೆ ಒತ್ತುತ್ತಿತ್ತು, ಸಂಜೆ ಬಿಚ್ಚಿದಾಗ ಕೆಂಪಗೆ ಬರೆ ಎದ್ದಿರುತ್ತಿತ್ತು, ಈಗ ಮೂರು ಗಂಟೆ ಕೂತರೂ ಅದಿಲ್ಲ.

ಕೊರತೆ ಇಲ್ಲವೆಂದಲ್ಲ. ಭಾರ ಜಾಸ್ತಿ, ಪಕ್ಕದ ಓಟಿಗೆ ಒಯ್ಯಲು ಇಬ್ಬರು ಬೇಕು. ರೆಕ್ಸಿನ್ ಹೊಲಿಗೆ ಅಂಚಿನಲ್ಲಿದ್ದು ಅದರ ತೂತಿಗೆ ರಕ್ತ ಇಳಿಯುತ್ತಿತ್ತು, ಎಷ್ಟು ಒರೆಸಿದರೂ ಹೋಗುತ್ತಿರಲಿಲ್ಲ. ಹೇಳಿದ ಮೇಲೆ ಹೊಲಿಗೆಯಿಲ್ಲದ ಸೀಟು ಹಾಕಿಕೊಟ್ಟರು, ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ವೆಲ್ಲೂರಿನ ಡಾ. ಮೇರಿ ವರ್ಗೀಸ್ 1954ರ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಮೇಲೂ ಗಾಲಿಕುರ್ಚಿಯಲ್ಲಿ ಕೂತು ಕುಷ್ಠ ರೋಗಿಗಳ ಕೈಗಳಿಗೆ ಆಪರೇಷನ್ ಮಾಡಿದರು. ನಾನು ಈ ಕೆಲಸ ಆರಿಸಿಕೊಳ್ಳಲು ಅವರೇ ಕಾರಣ. ಆದರೂ ಇವತ್ತಿಗೂ ನಮ್ಮಂಥವರು ಸ್ಟೂಲಿಗಾಗಿ ವೆಲ್ಡಿಂಗ್ ಶಾಪು ಹುಡುಕಬೇಕು ಅಂದರೆ ನಿಜಕ್ಕೂ ಬೇಜಾರಾಗುತ್ತದೆ.

ಹೊಟ್ಟೆಯ ಆಪರೇಷನ್ ಮಾಡುವವರಿಗೆ ಇದು ಸಾಲದು, ಅವರಿಗೆ ನಿಲ್ಲಿಸಿ ಹಿಡಿಯುವ ಕುರ್ಚಿಯೇ ಬೇಕು. ಕೈ, ಕಣ್ಣು, ಕಿವಿಯವರು ಮಾಡಿಸಿಕೊಳ್ಳಿ. ಅಳತೆ ಕೊಡುವಾಗ ಮಾತ್ರ ಕ್ಯಾಲಿಪರ್, ಓಟಿ ಚಪ್ಪಲಿ ಎರಡೂ ಹಾಕಿಕೊಂಡೇ ಕೂರಿ. ನಾನು ಬರಿಗಾಲಲ್ಲಿ ಕೊಟ್ಟು ತಟ್ಟೆಯನ್ನು ಎರಡು ಸಲ ಬಿಚ್ಚಿಸಬೇಕಾಯಿತು.